ಫಿಯಟ್ ಟ್ಯಾಕ್ಸಿಯ ಕ್ಲಚ್ಚು: ಒಂದಿಂಚಿನ ಇತಿಹಾಸ

2023ರ ಅಕ್ಟೋಬರ್ 30ರಂದು ಮುಂಬೈಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿ ನಿವೃತ್ತಿಯಾಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಲ್ಲಿ ಟ್ಯಾಕ್ಸಿಗೆ ಇಪ್ಪತ್ತೇ ವರ್ಷ ಆಯಸ್ಸು. ಪತ್ರಿಕೆಗಳೆಲ್ಲ ಅದರ ಕರಿ-ಹಳದಿ ಬಣ್ಣ, ಮೇಲಿನ ಕ್ಯಾರಿಯರ್, ಹೊರಗೆ ನೇತಾಡುತ್ತಿದ್ದ ಮೀಟರ್ ಬಗ್ಗೆ ಬರೆದವು. ನನಗೆ ಮಾತ್ರ ನೆನಪಾದದ್ದು ಅದರ ಕ್ಲಚ್ ಪೆಡಲು. ನಗಬೇಡಿ, ಕಾರಣ ಇದೆ.

ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಕಂಪನಿ ಕುರ್ಲಾದ ಕಾರ್ಖಾನೆಯಲ್ಲಿ ಇಟಲಿಯ ಫಿಯಟ್ ಕಾರುಗಳನ್ನು ತಯಾರಿಸುತ್ತಿತ್ತು. 1964ರಲ್ಲಿ ಬಂದ ಫಿಯಟ್ 1100 ಡಿಲೈಟ್ 1970ರ ದಶಕದಲ್ಲಿ ಮೊದಲು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, ಆಮೇಲೆ ಚಿತ್ತೋಡದ ರಾಣಿಯ ಹೆಸರು ಹೊತ್ತು ಪದ್ಮಿನಿಯಾಯಿತು. ಹೆಸರು ಎಷ್ಟೇ ಬದಲಾದರೂ ಮುಂಬೈಯವರ ಬಾಯಲ್ಲಿ ಅದು ಕೊನೆಯವರೆಗೂ ಫಿಯಟ್ಟೇ. 1089 ಸಿಸಿಯ ಪೆಟ್ರೋಲ್ ಇಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಹ್ಯಾಂಡ್ ಗೇರು.

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹಾಕಿದವು. ಮೂರು ಡಾಲರ್ ಆಸುಪಾಸಿನಲ್ಲಿದ್ದ ಒಂದು ಬ್ಯಾರೆಲ್ ಕಚ್ಚಾ ತೈಲ 1974ರ ಆರಂಭಕ್ಕೆ ಹನ್ನೊಂದು ಡಾಲರ್ ದಾಟಿತು. ನಮ್ಮ ಸರಕಾರ ಪೆಟ್ರೋಲನ್ನು ಉಳ್ಳವರ ಇಂಧನ ಎಂದು ಎಣಿಸಿ ಅದರ ಮೇಲೆ ತೆರಿಗೆ ಹೇರಿತು. ಬಸ್ಸು, ಲಾರಿ, ಪಂಪ್‌ಸೆಟ್ಟಿಗೆ ಬೇಕಾದ ಡೀಸೆಲ್ಲನ್ನು ಅಗ್ಗವಾಗಿಟ್ಟಿತು. ಈ ಎರಡು ಬೆಲೆಗಳ ನಡುವಿನ ಅಂತರದಲ್ಲೇ ಒಂದು ಕಸುಬು ಹುಟ್ಟಿತು, ಅದೇ ಡೀಸೆಲ್ ಕನ್ವರ್ಷನ್. ಪೆಟ್ರೋಲ್ ಇಂಜಿನ್ ಕೆಳಗಿಳಿಸಿ ಡೀಸೆಲ್ ಇಂಜಿನ್ ಕೂರಿಸುವುದು. ತೊಂಬತ್ತರ ದಶಕದಲ್ಲಿ ಕಂಪನಿಯೇ ಇಟಲಿಯ ಎಫ್‌ಎನ್‌ಎಂ ಡೀಸೆಲ್ ಇಂಜಿನ್ ಇಟ್ಟು 137ಡಿ ಎಂಬ ಪದ್ಮಿನಿ ತಂದಿತು. ಆದರೆ ಬಡ ಟ್ಯಾಕ್ಸಿಯವನಿಗೆ ಹೊಸ ಗಾಡಿ ಎಲ್ಲಿಂದ? ಅವನಿಗೆ ಗ್ಯಾರೇಜೇ ಕಾರ್ಖಾನೆ.

ಇಲ್ಲಿಂದ ಕ್ಲಚ್ಚಿನ ಕಥೆ ಶುರು. ಪೆಡಲ್ ಒತ್ತಿದಾಗ ಒಂದು ರಾಡ್ ಗೇರ್‌ಬಾಕ್ಸಿನ ಫೋರ್ಕನ್ನು ತಳ್ಳುತ್ತದೆ. ಫೋರ್ಕ್ ಬೇರಿಂಗನ್ನು ಪ್ರೆಷರ್ ಪ್ಲೇಟಿನ ಮೇಲೆ ಒತ್ತುತ್ತದೆ. ಆಗ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ತಪ್ಪುತ್ತದೆ. ಕಾಲು ತೆಗೆದಾಗ ಬೇರಿಂಗು ಪ್ಲೇಟಿಗೆ ತಾಗದೆ ಕೂದಲೆಳೆಯಷ್ಟು ದೂರ ನಿಲ್ಲಬೇಕು. ಆ ಕೂದಲೆಳೆಯೇ ಪೆಡಲಿನ ಬಳಿ ಸುಮಾರು ಒಂದಿಂಚಿನ ಸಡಿಲವಾಗಿ ಕಾಣುತ್ತದೆ. ಮೆಕ್ಯಾನಿಕ್ಕರು ಅದನ್ನು 'ಪ್ಲೇ' ಅನ್ನುತ್ತಾರೆ. ಪ್ಲೇ ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರು ಕರಕರ ಅನ್ನುತ್ತದೆ. ಪ್ಲೇ ಇಲ್ಲದಿದ್ದರೆ ಬೇರಿಂಗು ಸದಾ ಉಜ್ಜುತ್ತದೆ, ಪ್ಲೇಟ್ ಜಾರಿ ಜಾರಿ ಸುಟ್ಟುಹೋಗುತ್ತದೆ. ಇನ್ನೊಂದು ವಿಚಿತ್ರ ನೋಡಿ: ಪ್ಲೇಟ್ ಸವೆದಂತೆ ಪ್ಲೇ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಹಾಗಾಗಿ ಆಗಾಗ ರಾಡಿನ ನಟ್ ತಿರುಗಿಸುತ್ತಲೇ ಇರಬೇಕು.

ಬೇರೆ ಇಂಜಿನ್ ಬಂದರೆ ಈ ಲೆಕ್ಕವೆಲ್ಲ ತಲೆಕೆಳಗು. ಪ್ರೆಷರ್ ಪ್ಲೇಟಿನ ದಪ್ಪ ಬೇರೆ, ಸ್ಪ್ರಿಂಗಿನ ಬಿಗಿ ಬೇರೆ. ಡೀಸೆಲ್ಲಿನ ನಡುಕಕ್ಕೆ ನಟ್ಟುಗಳು ತಾವಾಗಿಯೇ ಸಡಿಲವಾಗುತ್ತವೆ. ಗಟ್ಟಿ ಸ್ಪ್ರಿಂಗಿನ ಭಾರವೆಲ್ಲ ಡ್ರೈವರನ ಎಡಮೊಣಕಾಲಿಗೆ.

1999ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟಿನ ಆದೇಶದಂತೆ ವಾಹನಗಳ ಹೊಗೆಯ ಬಗ್ಗೆ ವಿ.ಎಂ. ಲಾಲ್ ಸಮಿತಿ ರಚನೆಯಾಯಿತು. ನಂತರದ ವರ್ಷಗಳಲ್ಲಿ ಹಳೆಯ ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾಗಲೇಬೇಕಾಯಿತು. ನಗರದ ಗಾಳಿಗೆ ಅದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ, ಗ್ಯಾಸ್ ಕಿಟ್ ನೇರವಾಗಿ ಕೂರುವುದಿಲ್ಲ. ಅಂದರೆ ಪೆಟ್ರೋಲಿನಿಂದ ಡೀಸೆಲ್ಲಿಗೆ ಹೋದವನು ಮತ್ತೆ ಪೆಟ್ರೋಲ್ ಇಂಜಿನ್ ತಂದು ಅದಕ್ಕೆ ಕಿಟ್ ಹಾಕಿಸಬೇಕು. ಒಂದೇ ಗಾಡಿಗೆ ಎರಡನೇ ಕನ್ವರ್ಷನ್!

ಆಗ ನಾನು ಉಪನಗರದ ಒಂದು ಶಾಖೆಯಲ್ಲಿ ಸಾಲದ ವಿಭಾಗದಲ್ಲಿದ್ದೆ. ಕಾರ್ಕಳದ ಕಡೆಯ ಒಬ್ಬರು ಇಂಥದೇ ಬದಲಾವಣೆಗೆ ಸಾಲ ಪಡೆದರು. ಹೊಸ ಇಂಜಿನ್ ನಂಬರ್ ಆರ್‌ಸಿ ಪುಸ್ತಕಕ್ಕೆ ಏರಿತು, ನಮ್ಮ ಫೈಲು ಅಚ್ಚುಕಟ್ಟಾಯಿತು. ಎರಡು ತಿಂಗಳು ಕಂತು ಬರಲಿಲ್ಲ. ನಾನು ಫೈಲಿನಲ್ಲಿ 'ಸಾಲಗಾರರ ನಿರ್ಲಕ್ಷ್ಯ' ಎಂದು ಬರೆದು ಗಾಡಿ ನೋಡಲು ಹೋದೆ.

ಗಾಡಿ ಒಬ್ಬ ಮುದುಕ ಮೆಕ್ಯಾನಿಕ್ಕಿನ ಮುಂದೆ ಜ್ಯಾಕಿನ ಮೇಲೆ ನಿಂತಿತ್ತು. ಇಂಜಿನ್ ಕೂರಿಸಿದ ಗ್ಯಾರೇಜಿನವರು ಪೆಡಲಿಗೆ ಪ್ಲೇ ಬಿಟ್ಟೇ ಇರಲಿಲ್ಲ. ಸಾಲದ್ದಕ್ಕೆ ಗ್ಯಾಸಿನಲ್ಲಿ ಇಂಜಿನ್ನಿನ ಶಕ್ತಿ ಸ್ವಲ್ಪ ಕುಗ್ಗುತ್ತದೆ, ಡಿಕ್ಕಿಯಲ್ಲಿ ಸಿಲಿಂಡರಿನ ಭಾರ ಬೇರೆ. ಫ್ಲೈಓವರ್ ಏರಲು ಅರ್ಧ ಕ್ಲಚ್ಚಿನಲ್ಲೇ ಎಳೆಯಬೇಕು. ಪ್ಲೇಟ್ ಸುಟ್ಟು ಕರಕಲಾಗಿತ್ತು. ಕಂತಿನ ದುಡ್ಡು ಹೊಸ ಪ್ಲೇಟಿಗೆ ಹೋಗಿತ್ತು.

ಮುದುಕ ಪೆಡಲನ್ನು ಕೈಯಿಂದ ಒತ್ತಿ ತಡೆ ಸಿಗುವವರೆಗೆ ಅಳೆದ. ಲಾಕ್‌ನಟ್ ಸಡಿಲಿಸಿ ರಾಡ್ ತಿರುಗಿಸಿದ, ಮತ್ತೆ ಅಳೆದ. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಇಂಜಿನ್ ತಟ್ಟನೆ ನಿಂತಿತು. ಹಾಗೆ ನಿಂತರೆ ಕ್ಲಚ್ ಹಿಡಿಯುತ್ತಿದೆ ಎಂದರ್ಥ. ಕಾಲು ಗಂಟೆಯ ಕೆಲಸ.

"ಇಂಜಿನ್ ಎಷ್ಟು ಸಲ ಬೇಕಾದ್ರೂ ಬದಲಾಯಿಸ್ಬಹುದು ಮಾರಾಯ್ರೆ, ಕಾಲು ಬದಲಾಯಿಸ್ಲಿಕ್ಕೆ ಆಗ್ತದಾ?" ಎಂದು ಡ್ರೈವರ್ ಮೊಣಕಾಲು ನೀವಿಕೊಂಡರು.

ನಾನು ಶಾಖೆಗೆ ಮರಳಿ ಆ ಷರಾ ಹೊಡೆದುಹಾಕಿ, ಕಾರಣ ಬರೆದು, ಕಂತುಗಳನ್ನು ಮುಂದಕ್ಕೆ ಹಾಕಲು ಮ್ಯಾನೇಜರಿಗೆ ಟಿಪ್ಪಣಿ ಇಟ್ಟೆ. ಅವರು ಒಪ್ಪಿದರು. ಸಾಲ ಪೂರ್ತಿ ತೀರಿತು.

ತೈಲದ ಬೆಲೆ, ತೆರಿಗೆ, ಕೋರ್ಟಿನ ಆದೇಶ ಇವೆಲ್ಲ ಇತಿಹಾಸದ ಪುಸ್ತಕಕ್ಕೆ ಬರುತ್ತವೆ. ಪ್ರತಿ ಸಲ ನೀತಿ ಬದಲಾದಾಗಲೂ ಯಾರೋ ಒಬ್ಬ ಗಾಡಿಯಡಿ ಮಲಗಿ ಆ ಒಂದಿಂಚನ್ನು ಹೊಂದಿಸಿದ್ದು ಎಲ್ಲೂ ಬರುವುದಿಲ್ಲ. ನಮ್ಮ ಸಾಲದ ಅರ್ಜಿಯಲ್ಲೂ ಅದಕ್ಕೊಂದು ಕಾಲಂ ಇರಲಿಲ್ಲ. ಎಲ್ಲಾದರೂ ಹಳೆಯ ಫಿಯಟ್ ಕಂಡರೆ, ಮಾಲೀಕರು ಬಿಟ್ಟರೆ, ಆ ಪೆಡಲನ್ನೊಮ್ಮೆ ಕೈಯಿಂದ ಒತ್ತಿ ನೋಡಿ. ಮೊದಲ ಒಂದಿಂಚು ಸುಮ್ಮನೆ ಕೆಳಗಿಳಿದರೆ, ಅದನ್ನು ನೋಡಿಕೊಳ್ಳುವವರು ಇನ್ನೂ ಇದ್ದಾರೆ ಎಂದು ತಿಳಿಯಿರಿ.