ಶಾಲೆಯ ಗೋಡೆಯಾಚೆ ಅಧ್ಯಾಪಕರ ತರಬೇತಿ: ಪುಣೆಯ ಒಂದು ಪ್ರಯೋಗ

ಶಿಕ್ಷಣತಜ್ಞ ಜೆ. ಪಿ. ನಾಯಕರು ಕನ್ನಡಿಗರಿಗೆ ಪರಕೀಯರಲ್ಲ. ಸ್ವಾತಂತ್ರ್ಯ ಸಂಗ್ರಾಮದಲ್ಲಿ ಸೆರೆವಾಸ ಅನುಭವಿಸಿದ ತರುವಾಯ ಅವರು ಧಾರವಾಡ ಜಿಲ್ಲೆಯ ಉಪ್ಪಿನಬೆಟಗೇರಿಯಲ್ಲಿ ನೆಲಸಿ ಗ್ರಾಮಸೇವೆ ಮಾಡಿದವರು. ಮುಂದೆ ಅವರು ಸದಸ್ಯ-ಕಾರ್ಯದರ್ಶಿಯಾಗಿದ್ದ ಕೊಠಾರಿ ಆಯೋಗವು (1964-66) ಅಧ್ಯಾಪಕರ ತರಬೇತಿಯ ಮೂಲದೋಷವನ್ನು ಗುರುತಿಸಿತು. ತರಬೇತಿ ಸಂಸ್ಥೆಗಳು ವಿಶ್ವವಿದ್ಯಾನಿಲಯಗಳಿಂದಲೂ ಶಾಲೆಗಳಿಂದಲೂ ದೂರವಾಗಿ, ಪರಸ್ಪರ ಸಂಪರ್ಕವೂ ಇಲ್ಲದೆ ಒಂಟಿಯಾಗಿದ್ದವು.

ನಾಯಕರು 1948ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್ ಸಂಸ್ಥೆಯು 1976ರಲ್ಲಿ ಪುಣೆಗೆ ಬಂದಿತು. ಅವರ ಪತ್ನಿ ಚಿತ್ರಾ ನಾಯಕ್ ಅವರ ನೇತೃತ್ವದಲ್ಲಿ ಅದು 1979ರಿಂದ ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ ಸಂಜೆಯ ಪಾಠಗಳನ್ನು ಆರಂಭಿಸಿತು. ಹಗಲೆಲ್ಲ ದುಡಿಯುವ ಮಕ್ಕಳೇ ಅಲ್ಲಿನ ವಿದ್ಯಾರ್ಥಿಗಳು; ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಕಲಿಸುವವರು ಆಯಾ ಊರಿನವರು. ಬೋಧನೆಯ ಕಲೆಯನ್ನು ಅವರು ಬೋಧಿಸುತ್ತಲೇ ಕಲಿತರು. ಪರೀಕ್ಷೆಯ ಭಯವಿಲ್ಲದೆ, ‘ಬಾಲಜಾತ್ರೆ’ಯ ಸಂಭ್ರಮದಲ್ಲಿ ಮಕ್ಕಳ ಪ್ರಗತಿಯನ್ನು ಅಳೆಯಲಾಗುತ್ತಿತ್ತು.

2014ರ ರಾಷ್ಟ್ರೀಯ ನಿಯಮಾವಳಿಯು ಬಿ.ಎಡ್. ವಿದ್ಯಾರ್ಥಿಗಳಿಗೆ 20 ವಾರಗಳ ಶಾಲಾನುಭವವನ್ನು ವಿಧಿಸಿತು. ಇದು ಸ್ವಾಗತಾರ್ಹವೇ ಸರಿ. ಆದರೆ ಶಾಲೆಯೊಳಗೆ ಕಳೆದ ವಾರಗಳು ಶಾಲೆಗೆ ಬಾರದ ಮಗುವಿನ ಪರಿಚಯವನ್ನು ಮಾಡಿಕೊಡಲಾರವು. ಪುಣೆಯ ಪ್ರಯೋಗವು ಅಧ್ಯಾಪಕನನ್ನು ಆ ಮಗುವಿನ ಬಳಿಗೇ ಕರೆದೊಯ್ದಿತು. ಅದರ ಮಹತ್ವವಿರುವುದು ಇಲ್ಲಿಯೇ.