ಗಾಳಿಯಂತ್ರದ ರೆಕ್ಕೆಗಳ ದ್ಯುತಿ ಮಾಪನ

ಗಾಳಿಯಂತ್ರದ ರೆಕ್ಕೆಗಳ ದ್ಯುತಿ ಮಾಪನ ಎಂದರೆ ವಿದ್ಯುತ್ ಉತ್ಪಾದಿಸುವ ಗಾಳಿಯಂತ್ರದ ರೆಕ್ಕೆಗಳು ತಿರುಗುವಾಗ ಎಷ್ಟು ಬಾಗುತ್ತವೆ, ಕಂಪಿಸುತ್ತವೆ ಮತ್ತು ತಿರುಚಿಕೊಳ್ಳುತ್ತವೆ ಎಂಬುದನ್ನು ಬೆಳಕಿನ ನೆರವಿನಿಂದ ಅಳೆಯುವ ವಿಧಾನ.

ಅಗತ್ಯ

ರೆಕ್ಕೆಗಳನ್ನು ಸಾಮಾನ್ಯವಾಗಿ ಗಾಜಿನ ನಾರು ಮತ್ತು ರಾಳದಿಂದ ಹಗುರವಾಗಿ ತಯಾರಿಸಲಾಗುತ್ತದೆ. ಬಹುತೇಕ ಯಂತ್ರಗಳಲ್ಲಿ ಅವು ಗೋಪುರದ ಮುಂಭಾಗದಲ್ಲಿ, ಗಾಳಿಗೆ ಎದುರಾಗಿ ತಿರುಗುತ್ತವೆ. ಬಿರುಗಾಳಿಗೆ ರೆಕ್ಕೆಯ ತುದಿ ಹಿಂದಕ್ಕೆ ಬಾಗಿ ಗೋಪುರಕ್ಕೆ ಬಡಿದರೆ ಇಡೀ ಯಂತ್ರವೇ ಕುಸಿಯಬಹುದು. ಪದೇ ಪದೇ ಬಾಗುವುದರಿಂದ ಒಳಗೆ ಬಿರುಕುಗಳೂ ಮೂಡಬಹುದು.

ವಿಧಾನಗಳು

ಹೊರಗಿನ ಮಾಪನದಲ್ಲಿ ರೆಕ್ಕೆಯ ಮೇಲೆ ಬೆಳಕನ್ನು ಪ್ರತಿಫಲಿಸುವ ಗುರುತುಗಳನ್ನು ಅಂಟಿಸಿ, ನೆಲದಲ್ಲಿರಿಸಿದ ಎರಡು ಅಥವಾ ಹೆಚ್ಚು ಕ್ಯಾಮೆರಾಗಳಿಂದ ಏಕಕಾಲಕ್ಕೆ ಚಿತ್ರ ತೆಗೆಯಲಾಗುತ್ತದೆ. ಚಿತ್ರಗಳನ್ನು ಹೋಲಿಸಿ ಪ್ರತಿ ಗುರುತಿನ ಸ್ಥಾನವನ್ನು ಮೂರು ಆಯಾಮಗಳಲ್ಲಿ ಲೆಕ್ಕಹಾಕಲಾಗುತ್ತದೆ.

ಒಳಗಿನ ಮಾಪನದಲ್ಲಿ ರೆಕ್ಕೆಯೊಳಗೆ ಆಪ್ಟಿಕಲ್ ಫೈಬರ್ ಅಳವಡಿಸಲಾಗುತ್ತದೆ. ಅದರಲ್ಲಿನ ಬ್ರಾಗ್ ಗ್ರೇಟಿಂಗ್ ನಿರ್ದಿಷ್ಟ ತರಂಗಾಂತರದ ಬೆಳಕನ್ನಷ್ಟೇ ಹಿಂದಕ್ಕೆ ಕಳುಹಿಸುತ್ತದೆ. ರೆಕ್ಕೆ ಬಾಗಿ ಫೈಬರ್ ಹಿಗ್ಗಿದಾಗ ಈ ತರಂಗಾಂತರ ಹೆಚ್ಚುತ್ತದೆ. 1,550 ನ್ಯಾನೊಮೀಟರ್ ಬೆಳಕಿನಲ್ಲಿ, ಉದ್ದದ ಹತ್ತು ಲಕ್ಷದ ಒಂದು ಪಾಲಿನಷ್ಟು ಹಿಗ್ಗಿಗೆ ಈ ಹೆಚ್ಚಳ ಸುಮಾರು 1.2 ಪಿಕೊಮೀಟರ್. ಉಷ್ಣತೆಯಿಂದಲೂ ತರಂಗಾಂತರ ಬದಲಾಗುವುದರಿಂದ ಅದರ ಪರಿಣಾಮವನ್ನು ಪ್ರತ್ಯೇಕವಾಗಿ ಅಳೆದು ಕಳೆಯಬೇಕಾಗುತ್ತದೆ. ಗಾಜು ವಿದ್ಯುದ್ವಾಹಕವಲ್ಲದ ಕಾರಣ ಫೈಬರ್ ಸಿಡಿಲನ್ನು ಆಕರ್ಷಿಸುವುದಿಲ್ಲ.

ಕರ್ನಾಟಕದ ಸಂದರ್ಭ

ಚಿತ್ರದುರ್ಗ, ಗದಗ ಮೊದಲಾದ ಜಿಲ್ಲೆಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಅಲ್ಲಿ ಗಾಳಿಯ ಬಿರುಸು ಹೆಚ್ಚಿರುವುದು ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ. ಆದರೆ ಮಳೆ ಮತ್ತು ಮಂಜು ಕ್ಯಾಮೆರಾದ ನೋಟಕ್ಕೆ ಅಡ್ಡಿಯಾಗುತ್ತವೆ. ಹೀಗೆ ಅಳತೆ ಅತ್ಯಗತ್ಯವಾದ ಕಾಲದಲ್ಲೇ ಹೊರಗಿನ ವಿಧಾನ ದುರ್ಬಲವಾಗುವುದರಿಂದ, ನಿರಂತರ ನಿಗಾವಣೆಗೆ ಒಳಗಿನ ಫೈಬರ್ ಹೆಚ್ಚು ಸೂಕ್ತವಾಗಿದೆ.