ದುರಸ್ತಿಯೂ ಇತಿಹಾಸವೇ: ನಮ್ಮ ಹಳೆಯ ಕಾರುಗಳು ಉಳಿದು ಬಂದ ಬಗೆ

ಕೈಗಾರಿಕೆಯ ಇತಿಹಾಸ ಓದುವಾಗ ನಾವು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಗುರುತು ಹಾಕಿಕೊಳ್ಳುತ್ತೇವೆ. ಕಾರ್ಖಾನೆ ಯಾವ ವರ್ಷ ಸ್ಥಾಪನೆಯಾಯಿತು? ಮೊದಲ ಯಂತ್ರ ಯಾವ ವರ್ಷ ಹೊರಬಂತು? ಆ ಯಂತ್ರ ಆಮೇಲೆ ಎಷ್ಟು ಕಾಲ ದುಡಿಯಿತು, ಅದನ್ನು ದುಡಿಯುವ ಸ್ಥಿತಿಯಲ್ಲಿ ಇಟ್ಟವರು ಯಾರು ಎಂಬ ಪ್ರಶ್ನೆ ಪಠ್ಯಪುಸ್ತಕಗಳಲ್ಲಿ ಬರುವುದು ಅಪರೂಪ. ಆದರೆ ಭಾರತದ ಮೋಟಾರು ಕಾರಿನ ವಿಷಯದಲ್ಲಿ ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನಮ್ಮಲ್ಲಿ ಕಾರಿನ ತಯಾರಿಕೆಗಿಂತ ಮೊದಲು ಬೇರೂರಿದ ವಿದ್ಯೆ ಕಾರಿನ ದುರಸ್ತಿ. ಆ ವಿದ್ಯೆ ಹೇಗೆ ಬೆಳೆಯಿತು, ಹಳೆಯ ಕಾರು ಇಟ್ಟುಕೊಂಡವರಿಗೆ ಅದು ಇಂದು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ತಯಾರಿಕೆಗೆ ಮೊದಲೇ ಬಂದ ದುರಸ್ತಿ

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1928ರಲ್ಲಿ ಮುಂಬಯಿಯಲ್ಲಿ ಕಾರು ಜೋಡಿಸತೊಡಗಿತು. ಫೋರ್ಡ್ ಸಂಸ್ಥೆಯೂ ಇಲ್ಲಿ ಜೋಡಣೆ ನಡೆಸುತ್ತಿತ್ತು. ಭಾಗಗಳೆಲ್ಲ ಹಡಗಿನಲ್ಲಿ ಬರುತ್ತಿದ್ದವು. ಇಲ್ಲಿ ಆಗುತ್ತಿದ್ದುದು ಜೋಡಣೆ ಮಾತ್ರ. ದೂರದ ಊರಿನಲ್ಲಿ ಒಂದು ಭಾಗ ಮುರಿದರೆ ಹಡಗಿಗೆ ಕಾಯಬೇಕು, ಇಲ್ಲವೇ ಊರಿನ ಕಮ್ಮಾರನನ್ನೋ ಲೇತ್ ಇಟ್ಟುಕೊಂಡವನನ್ನೋ ಹುಡುಕಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಆಗ ಬಸ್ಸುಗಳ ಹಿಂಬದಿಗೆ ಒಲೆಯಂಥ ಉಪಕರಣ ಕಟ್ಟಿ, ಇದ್ದಿಲಿನಿಂದ ಬರುವ ಅನಿಲದಲ್ಲಿ ಎಂಜಿನ್ ಓಡಿಸಿದರು. ಹಳೆಯ ತಲೆಮಾರಿನವರು ನೆನೆಯುತ್ತಿದ್ದ ‘ಇದ್ದಿಲು ಬಸ್ಸು’ ಇದೇ. ಇರುವುದನ್ನು ಹೇಗಾದರೂ ಓಡಿಸಬೇಕು ಎಂಬ ಪಾಠ ನಮ್ಮ ಮೆಕ್ಯಾನಿಕ್‌ಗಳಿಗೆ ಮೊದಲು ದೊರೆತದ್ದು ಇಂಥ ಕೊರತೆಯಿಂದ.

ಈ ಪರಾವಲಂಬನೆಯನ್ನು ಕಂಡು ಚಿಂತಿಸಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು. 1930ರ ದಶಕದ ಮಧ್ಯದಲ್ಲಿ ಅವರು ಅಮೆರಿಕ ಹಾಗೂ ಯೂರೋಪಿನ ಕಾರ್ಖಾನೆಗಳನ್ನು ಕಂಡು ಬಂದು, ಭಾರತದಲ್ಲೇ ಮೋಟಾರು ತಯಾರಿಸುವ ಯೋಜನೆ ರೂಪಿಸಿದರು. ಕೈಗಾರಿಕೋದ್ಯಮಿ ವಾಲ್‌ಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಬೆಂಬಲಕ್ಕೆ ನಿಂತಿತು. ಆದರೆ ಬ್ರಿಟಿಷ್ ಆಡಳಿತದ ಒಪ್ಪಿಗೆ ಸಿಗಲಿಲ್ಲ. 1940ರಲ್ಲಿ ಬೆಂಗಳೂರಿಗೆ ಮೋಟಾರು ಕಾರ್ಖಾನೆಯ ಬದಲು ವಿಮಾನ ಕಾರ್ಖಾನೆ ಬಂತು. ಅದೇ ಮುಂದೆ ಎಚ್.ಎ.ಎಲ್. ಆಯಿತು. ಕಾರಿನ ಕನಸು ಬೇರೆಡೆ ನನಸಾಯಿತು. ಬಿರ್ಲಾ ಅವರ ಹಿಂದುಸ್ತಾನ್ ಮೋಟಾರ್ಸ್ 1942ರಲ್ಲಿ ಸ್ಥಾಪನೆಯಾಗಿ, 1948ರಲ್ಲಿ ಗುಜರಾತಿನಿಂದ ಬಂಗಾಳದ ಉತ್ತರಪಾರಕ್ಕೆ ಸ್ಥಳಾಂತರಗೊಂಡಿತು. ವಾಲ್‌ಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಮುಂಬಯಿಯ ಕುರ್ಲಾದಲ್ಲಿ ನೆಲೆ ನಿಂತಿತು.

ಬದಲಾಗದ ಮಾದರಿ

1953ರಲ್ಲಿ ಸುಂಕ ಆಯೋಗದ ವರದಿ ಬಂದ ಮೇಲೆ ಸರ್ಕಾರ ಒಂದು ನಿರ್ಧಾರ ಕೈಗೊಂಡಿತು. ಬಿಡಿಭಾಗಗಳನ್ನು ಹಂತ ಹಂತವಾಗಿ ಇಲ್ಲೇ ತಯಾರಿಸುವ ಕಾರ್ಯಕ್ರಮ ಇದ್ದವರಿಗೆ ಮಾತ್ರ ಇನ್ನು ಮುಂದೆ ಅವಕಾಶ. ಬರಿಯ ಜೋಡಣೆ ಮಾಡುತ್ತಿದ್ದ ಜನರಲ್ ಮೋಟಾರ್ಸ್, ಫೋರ್ಡ್ ಸಂಸ್ಥೆಗಳು ಹೊರಟವು. ಅಲ್ಲಿಂದ ಸುಮಾರು ಮೂವತ್ತು ವರ್ಷ ಭಾರತದ ರಸ್ತೆಗಳನ್ನು ಆಳಿದ್ದು ಮುಖ್ಯವಾಗಿ ಮೂರು ಮನೆತನಗಳ ಕಾರುಗಳು: ಉತ್ತರಪಾರದ ಅಂಬಾಸಿಡರ್, ಮುಂಬಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿದ ಅಂಬಾಸಿಡರ್ 1957ರಿಂದ 2014ರವರೆಗೆ ತಯಾರಾಯಿತು. ಇಟಲಿಯ ಫಿಯೆಟ್ 1100 ಎಂಬುದೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದು ಸುಮಾರು 2000ದವರೆಗೂ ತಯಾರಾಗುತ್ತಿತ್ತು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಆ ಕಾಲದಲ್ಲಿ, ಇರುವ ಕಾರನ್ನು ಕಾಪಾಡಿಕೊಳ್ಳುವುದು ಹವ್ಯಾಸವಾಗಿರಲಿಲ್ಲ, ಅನಿವಾರ್ಯವಾಗಿತ್ತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮಾದರಿ ಬದಲಾಗದಿರುವುದು ಗ್ರಾಹಕನಿಗೆ ನಷ್ಟ. ದುರಸ್ತಿಯವನಿಗೆ ಅದೇ ಲಾಭ. ಹತ್ತಾರು ವರ್ಷಗಳ ಅಂತರದಲ್ಲಿ ತಯಾರಾದ ಎರಡು ಅಂಬಾಸಿಡರ್‌ಗಳ ನಡುವೆ ಎಷ್ಟೋ ಭಾಗಗಳನ್ನು ಅದಲುಬದಲು ಮಾಡಬಹುದಾಗಿತ್ತು. ಹೀಗಾಗಿ ಬಿಡಿಭಾಗಗಳ ಉದ್ಯಮಕ್ಕೆ ನೆಲೆ ಸಿಕ್ಕಿತು. ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ, 1951ರಲ್ಲಿ ಸ್ಥಾಪಿತವಾದ ಮೈಕೋ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ ದೇಶದ ಮೂಲೆಮೂಲೆಗೂ ಹೋಯಿತು. ಬೆಂಗಳೂರಿನ ಜೆ.ಸಿ. ರಸ್ತೆ, ದೆಹಲಿಯ ಕಾಶ್ಮೀರಿ ಗೇಟ್, ಕಲ್ಕತ್ತೆಯ ಮಲ್ಲಿಕ್ ಬಜಾರ್, ಮದರಾಸಿನ ಪುದುಪೇಟೆಗಳು ಬಿಡಿಭಾಗಗಳ ಪೇಟೆಗಳಾಗಿ ಹೆಸರಾದವು.

ಗ್ಯಾರೇಜು ಕಲಿಸುವ ಪಾಠ

ಈ ವಿದ್ಯೆಗೆ ಪುಸ್ತಕಕ್ಕಿಂತ ಗುರುಶಿಷ್ಯ ಪರಂಪರೆಯೇ ಆಧಾರ. ಚಿಕ್ಕ ಹುಡುಗನಾಗಿ ಗ್ಯಾರೇಜಿಗೆ ಸೇರಿದವನು ಮೊದಲು ಸೀಮೆಎಣ್ಣೆಯಲ್ಲಿ ಭಾಗ ತೊಳೆಯುತ್ತಿದ್ದ, ಆಮೇಲೆ ಸ್ಪ್ಯಾನರ್ ಹಿಡಿಯುತ್ತಿದ್ದ, ಕೊನೆಗೆ ಎಂಜಿನ್ ಸದ್ದು ಕೇಳಿಯೇ ದೋಷ ಹೇಳುವ ಮೇಸ್ತ್ರಿಯಾಗುತ್ತಿದ್ದ. ಆ ಪಾಠಗಳ ಹಿಂದೆ ನಾವು ತರಗತಿಯಲ್ಲಿ ಓದುವ ವಿಜ್ಞಾನವೇ ಇದೆ. ಕೆಲವನ್ನು ನೋಡಿ.

ಮೊದಲನೆಯದು, ಅಳತೆ. ಹಳೆಯ ಕಾರಿನ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗಳು ಪ್ರತಿ ಕಿಡಿಗೂ ತೆರೆದು ಮುಚ್ಚುತ್ತವೆ. ಅಂಬಾಸಿಡರ್ ಮಾದರಿಯ ಎಂಜಿನ್ನಿನಲ್ಲಿ ಆ ಸಂದು ಸುಮಾರು 0.35ರಿಂದ 0.40 ಮಿಲಿಮೀಟರ್ ಇರಬೇಕು. ಪಾಯಿಂಟ್ ಸವೆದು ಸಂದು ಬದಲಾದರೆ ಕಿಡಿ ತಪ್ಪಾದ ಕ್ಷಣದಲ್ಲಿ ಹಾರುತ್ತದೆ. ಎಂಜಿನ್ ಬಿಸಿಯಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಕಾರ್ಬುರೇಟರಿಗೆ ಕೈ ಹಾಕುವ ಮೊದಲು ಪಾಯಿಂಟ್, ಪ್ಲಗ್ ನೋಡು ಎಂಬ ಮೇಸ್ತ್ರಿಗಳ ಮಾತಿಗೆ ಕಾರಣ ಇದು.

ಎರಡನೆಯದು, ಗ್ರೀಸ್. ಅಂಬಾಸಿಡರಿನ ಮುಂಚಕ್ರದ ಕೀಲುಗಳಿಗೆ ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಬೇಕು. ಹೊಸ ಗ್ರೀಸ್ ಒಳಹೋಗುವುದು ಮಾತ್ರವಲ್ಲ, ಹಳೆಯ ಗ್ರೀಸ್ ಜೊತೆಗೆ ಮಣ್ಣು, ನೀರು ಹೊರಬರುವುದೂ ಅಷ್ಟೇ ಮುಖ್ಯ. ಆದ್ದರಿಂದಲೇ ಮಳೆಗಾಲ ಮುಗಿದ ಕೂಡಲೇ ಗ್ರೀಸ್ ಹೊಡೆಸುವುದು ಒಳ್ಳೆಯದು.

ಮೂರನೆಯದು, ಸ್ಪ್ಯಾನರ್. ಅಂಬಾಸಿಡರಿನ ನಟ್ಟು ಬೋಲ್ಟುಗಳು ಇಂಚಿನ ಲೆಕ್ಕದವು, ಫಿಯೆಟ್ಟಿನವು ಮಿಲಿಮೀಟರಿನವು. ಒಂದು ಇಂಗ್ಲೆಂಡಿನಿಂದ, ಇನ್ನೊಂದು ಇಟಲಿಯಿಂದ ಬಂದದ್ದರ ಗುರುತು ಇದು. 1956ರ ಕಾಯಿದೆಯ ಮೂಲಕ ದೇಶ ಮೆಟ್ರಿಕ್ ಪದ್ಧತಿಗೆ ತಿರುಗಿದ ಮೇಲೂ ಗ್ಯಾರೇಜುಗಳಲ್ಲಿ ಎರಡು ಜೊತೆ ಸ್ಪ್ಯಾನರುಗಳು ಉಳಿದವು. ಹತ್ತಿರದ ಅಳತೆ ಸಾಕೆಂದು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ನಟ್ಟಿನ ಮೂಲೆ ಸವೆದು, ಮುಂದೆ ಅದು ಬಿಚ್ಚಲು ಬಾರದು.

ನಾಲ್ಕನೆಯದು, ಬೋರಿಂಗ್. ಸಿಲಿಂಡರಿನ ಗೋಡೆ ಸವೆದಾಗ ಎಂಜಿನ್ ಎಸೆಯುವುದಿಲ್ಲ. ಲೇತ್ ಅಂಗಡಿಯಲ್ಲಿ ಸಿಲಿಂಡರನ್ನು ತುಸು ಅಗಲ ಮಾಡಿ, ಅದಕ್ಕೆ ಸರಿಯಾದ ದೊಡ್ಡ ಪಿಸ್ಟನ್ ಕೂರಿಸುತ್ತಾರೆ. ಒಂದೇ ಎಂಜಿನ್ ಹೀಗೆ ಹಲವು ಬಾರಿ ಮರುಹುಟ್ಟು ಪಡೆಯಬಹುದು.

ಐದನೆಯದು, ಬ್ರೇಕ್. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆಗ ಅದರ ಕುದಿಬಿಂದು ಇಳಿಯುತ್ತದೆ, ಒಳಗಿನ ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಓಡದೆ ನಿಂತ ಕಾರಿಗೂ ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸಬೇಕು. ಅದು ಕಡಿಮೆಯಾದಾಗ ಎಂಜಿನ್ ಆಯಿಲ್ ಸುರಿಯುವುದು ಪ್ರಾಣಾಪಾಯದ ಕೆಲಸ. ಖನಿಜ ತೈಲ ತಗಲಿದರೆ ಬ್ರೇಕಿನ ರಬ್ಬರ್ ಉಬ್ಬಿ ಕೆಡುತ್ತದೆ.

ಜಾಣ್ಮೆಯ ಇನ್ನೊಂದು ಮುಖ

ಹಾಗೆಂದು ಆ ಕಾಲವನ್ನು ಹೊಗಳುವುದಷ್ಟೇ ಇತಿಹಾಸವಾಗದು. ಸ್ಪರ್ಧೆ ಇಲ್ಲದ ಮಾರುಕಟ್ಟೆಯಲ್ಲಿ ಹೊಸ ಕಾರೇ ರಿಪೇರಿ ಬೇಡುತ್ತಿತ್ತು. ಕಳಪೆ ಮತ್ತು ನಕಲಿ ಬಿಡಿಭಾಗಗಳ ವ್ಯಾಪಾರವೂ ಬೆಳೆಯಿತು. 1973ರ ತೈಲ ಬಿಕ್ಕಟ್ಟಿನಿಂದ ಪೆಟ್ರೋಲ್ ದುಬಾರಿಯಾದಾಗ ಹಳೆಯ ದೊಡ್ಡ ಕಾರುಗಳ ಮೂಲ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿದವರಿದ್ದರು. ಕಾರು ಓಡಿತು ನಿಜ, ಆದರೆ ಅದರ ಚರಿತ್ರೆ ಗುಜರಿಗೆ ಹೋಯಿತು. ‘ಸದ್ಯಕ್ಕೆ ನಡೆಯುತ್ತದೆ’ ಎಂಬ ದುರಸ್ತಿಗೂ ‘ಸರಿಯಾದ’ ದುರಸ್ತಿಗೂ ಇರುವ ವ್ಯತ್ಯಾಸ ಇಂಥಲ್ಲಿ ಕಾಣುತ್ತದೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಚಿತ್ರ ಬದಲಾಗತೊಡಗಿತು. 1990ರ ದಶಕದ ಉದಾರೀಕರಣ ವಿದೇಶಿ ಸಂಸ್ಥೆಗಳನ್ನು ಮರಳಿ ತಂದಿತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಯಾಯಿತು. ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರಿನ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂತು. ಗಾಳಿ ಶುದ್ಧವಾಗಲು ಇದು ಅಗತ್ಯವಾಗಿತ್ತು. ಆದರೆ ಇಂದಿನ ಮೆಕ್ಯಾನಿಕ್ ಹೆಚ್ಚಾಗಿ ಕಂಪ್ಯೂಟರ್ ತೋರಿಸುವ ಸಂಕೇತ ಓದುತ್ತಾನೆ. ಪಾಯಿಂಟ್ ಸಂದು ಹೊಂದಿಸಲು ಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ನಿವೃತ್ತವಾಯಿತು.

15 ಮತ್ತು 50ರ ನಡುವೆ

ಈಗ ಎರಡು ಸಂಖ್ಯೆಗಳನ್ನು ಗಮನಿಸಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಅದು ಯೋಗ್ಯತಾ ಪರೀಕ್ಷೆಗೆ ಒಳಗಾಗಿ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. 2021ರಲ್ಲಿ ಪ್ರಕಟವಾದ ಗುಜರಿ ನೀತಿ, ಪರೀಕ್ಷೆಯಲ್ಲಿ ಸೋತ ವಾಹನಗಳನ್ನು ಕಳಚುವ ವ್ಯವಸ್ಥೆ ರೂಪಿಸಿತು. ಅದೇ ವರ್ಷ ಬಂದ ಇನ್ನೊಂದು ನಿಯಮ, 50 ವರ್ಷ ಮೀರಿ ಮೂಲ ರೂಪದಲ್ಲಿ ಉಳಿದ ವಾಹನಕ್ಕೆ ‘ವಿಂಟೇಜ್’ ಎಂಬ ವಿಶೇಷ ನೋಂದಣಿ ನೀಡಿತು. ಅಂದರೆ 15ಕ್ಕೆ ಹಳೆಯದಾದ ಕಾರು 50ಕ್ಕೆ ಪರಂಪರೆಯಾಗುತ್ತದೆ. ನಡುವಿನ 35 ವರ್ಷ ಅದನ್ನು ಕಾಯುವುದು ಮಾಲೀಕನ ಶ್ರದ್ಧೆ ಮತ್ತು ಮೆಕ್ಯಾನಿಕ್‌ನ ವಿದ್ಯೆ, ಇವೆರಡೇ. ಮೂಲ ಎಂಜಿನ್ ಬದಲಿಸಿದವನು, ಚಾಸಿ ಕತ್ತರಿಸಿದವನು ಆ ಅವಕಾಶವನ್ನು ತಾನೇ ಕಳೆದುಕೊಳ್ಳುತ್ತಾನೆ.

ಇಂದಿನ ಮಾಲೀಕರಿಗೆ ಒಂದು ಹೊಸ ಸಮಸ್ಯೆಯೂ ಸೇರಿದೆ. 2025ರ ಹೊತ್ತಿಗೆ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವುದು ದೇಶದಲ್ಲಿ ರೂಢಿಗೆ ಬಂತು. ಎಥನಾಲ್ ನೀರನ್ನು ಸೆಳೆಯುತ್ತದೆ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ, ಕಾರ್ಕ್ ಗ್ಯಾಸ್ಕೆಟ್ಟುಗಳನ್ನು ಕೆಡಿಸಬಲ್ಲದು. ಎಥನಾಲ್ ತಾಳುವ ಪೈಪು ಹಾಕಿಸುವುದು, ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಉಳಿಸದಿರುವುದು, ಪೈಪುಗಳಲ್ಲಿ ಬಿರುಕು ಇದೆಯೇ ಎಂದು ಆಗಾಗ ನೋಡುವುದು ಅಗತ್ಯ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ ಹತ್ತಬಹುದು ಎಂಬುದನ್ನು ಮರೆಯಬಾರದು. ಜೊತೆಗೆ ಒಂದು ನೋಟ್‌ಬುಕ್ ಇಡಬೇಕು. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಯಾವ ಭಾಗ ಬದಲಾಯಿತು ಎಂದು ಅದರಲ್ಲಿ ಬರೆದಿಡಬೇಕು.

ಈ ನೋಟ್‌ಬುಕ್ಕೇ ಇತಿಹಾಸದ ವಿದ್ಯಾರ್ಥಿಗೆ ಒಂದು ದಾಖಲೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೀವು ಕಾಣಬಹುದು. ಆದರೆ ಅವುಗಳನ್ನು ಓಡಿಸಿದ ವಿದ್ಯೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು. ಅದು ಇರುವುದು ನಿಮ್ಮ ಊರಿನ ಹಳೆಯ ಗ್ಯಾರೇಜಿನಲ್ಲಿ, ವಯಸ್ಸಾದ ಮೇಸ್ತ್ರಿಯೊಬ್ಬರ ಕೈಯಲ್ಲಿ, ಕಿವಿಯಲ್ಲಿ. ರಾಜರ ಶಾಸನಗಳನ್ನು ಹುಡುಕಿ ನಕಲು ಮಾಡಿದ ಹಾಗೆ, ಈ ಜ್ಞಾನವನ್ನೂ ಯಾರಾದರೂ ಕೇಳಿ ಬರೆದುಕೊಳ್ಳಬೇಕು. ಮುಂದಿನ ರಜೆಯಲ್ಲಿ ಒಂದು ನೋಟ್‌ಬುಕ್, ಒಂದು ಪೆನ್ನು ಹಿಡಿದು ಅವರಲ್ಲಿಗೆ ಹೋಗಿ. ಯಾವ ಸದ್ದಿಗೆ ಯಾವ ದೋಷ ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.